ಗುದ್ದಿದವರು ಒಪ್ಪುತ್ತಿಲ್ಲ, ರಿಪೇರಿಗೆ ಕೈಯಿಂದ ಹೋದ ದುಡ್ಡು ವಾಪಸ್ ಪಡೆಯುವುದು ಹೇಗೆ? ಪುಣೆಯ ಕಾರು ಮಾಲೀಕರಿಗೆ ಮಾರ್ಗದರ್ಶಿ

‘ಫುಲ್ ಇನ್ಶೂರೆನ್ಸ್ ಇದೆಯಲ್ಲ, ಮತ್ತೇಕೆ ದುಡ್ಡು?’ ಗಾಡಿ ಬಿಡಿಸಿಕೊಳ್ಳಲು ಹೋದ ದಿನ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು. ಗುದ್ದಿದವನು ಇನ್ನೊಬ್ಬ, ರಿಪೇರಿ ಕೊಟ್ಟದ್ದು ನಮ್ಮ ವಿಮಾ ಕಂಪನಿ, ಆದರೂ ಹತ್ತು ಹದಿನೈದು ಸಾವಿರ ನಮ್ಮ ಜೇಬಿನಿಂದ ಹೋಗುತ್ತದೆ. ಎದುರಿನವನನ್ನು ಕೇಳಿದರೆ ತಪ್ಪು ನಿಮ್ಮದೇ ಅನ್ನುತ್ತಾನೆ. ಆ ದುಡ್ಡನ್ನು ವಾಪಸ್ ಪಡೆಯಲು ದಾರಿ ಇದೆ. ಆದರೆ ಅಪಘಾತವಾದ ಮೊದಲ ಎರಡು ಮೂರು ದಿನಗಳಲ್ಲಿ ಯಾವ ಕಾಗದಕ್ಕೆ ಏನು ಬರೆದು ಸಹಿ ಹಾಕಿದಿರಿ ಅನ್ನುವುದರ ಮೇಲೆಯೇ ಅದು ಬಹುಮಟ್ಟಿಗೆ ನಿಂತಿದೆ.

ಮೊದಲು ಲೆಕ್ಕ: ನಿಮ್ಮ ಕೈಯಿಂದ ಹೋದದ್ದು ಎಷ್ಟು?

ಪುಣೆಯ ಗ್ಯಾರೇಜುಗಳಲ್ಲಿ ‘ಫೈಲ್ ಚಾರ್ಜ್’ ಎನ್ನುವುದು ಪಾಲಿಸಿಯಲ್ಲಿರುವ ಕಡ್ಡಾಯ ಕಡಿತ, ಅಂದರೆ ಪ್ರತಿ ಕ್ಲೇಮಿನಲ್ಲೂ ನೀವೇ ಕೊಡಬೇಕಾದ ಮೊತ್ತ. ಖಾಸಗಿ ಕಾರಿನ ಇಂಜಿನ್ 1500 ಸಿಸಿವರೆಗೆ ಇದ್ದರೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಾದರೆ 2,000. ಪ್ರೀಮಿಯಂ ಉಳಿಸಲೆಂದು ಸ್ವಯಂಪ್ರೇರಿತ ಕಡಿತ ತೆಗೆದುಕೊಂಡಿದ್ದರೆ ಆ 2,500, 5,000, 7,500 ಅಥವಾ 15,000 ಇದರ ಮೇಲೆ ಸೇರುತ್ತದೆ. ಆನ್‌ಲೈನಿನಲ್ಲಿ ಪಾಲಿಸಿ ಕೊಂಡವರಲ್ಲಿ ಎಷ್ಟೋ ಜನಕ್ಕೆ ತಾವು ಅದಕ್ಕೆ ಟಿಕ್ ಹಾಕಿದ್ದೇ ನೆನಪಿರುವುದಿಲ್ಲ. ಪಾಲಿಸಿಯ ಮೊದಲ ಪುಟ ನೋಡಿಕೊಳ್ಳಿ.

ದೊಡ್ಡ ಪೆಟ್ಟು ಬೀಳುವುದು ಸವಕಳಿಯಿಂದ, ಅಂದರೆ ಭಾಗಗಳು ಹಳೆಯದಾದವು ಎಂದು ಕಂಪನಿ ಬೆಲೆಯಲ್ಲಿ ಕಡಿಯುವ ಪಾಲಿನಿಂದ. ಝೀರೋ ಡೆಪ್ (ಸವಕಳಿ ಕಡಿಯದಿರುವ ಆ್ಯಡ್ ಆನ್) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗಳ ಬೆಲೆಯಲ್ಲಿ ಅರ್ಧ ನಿಮ್ಮದು. ಗಾಜಿಗೆ ಸವಕಳಿ ಇಲ್ಲ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ ಲೆಕ್ಕ: ಎರಡರಿಂದ ಮೂರು ವರ್ಷಕ್ಕೆ ಶೇ 15, ಮೂರರಿಂದ ನಾಲ್ಕಕ್ಕೆ ಶೇ 25, ನಾಲ್ಕರಿಂದ ಐದಕ್ಕೆ ಶೇ 35, ಐದರಿಂದ ಹತ್ತಕ್ಕೆ ಶೇ 40. ಪೇಂಟಿನ ಬಿಲ್ ಒಟ್ಟಾಗಿದ್ದರೆ ಅದರ ಶೇ 25ನ್ನು ಸಾಮಗ್ರಿ ಎಂದು ಹಿಡಿದು, ಅದರಲ್ಲಿ ಅರ್ಧ ಕಡಿಯುತ್ತಾರೆ. ಕೂಲಿಗೆ ಕಡಿತವಿಲ್ಲ.

ಮೂರೂವರೆ ವರ್ಷದ, 1200 ಸಿಸಿಯ ಒಂದು ಸಣ್ಣ ಕಾರಿಗೆ ಹಿಂದಿನಿಂದ ಟೆಂಪೊ ಗುದ್ದಿತು ಎಂದುಕೊಳ್ಳಿ. ಬಂಪರ್ 9,000, ಟೇಲ್ ಲ್ಯಾಂಪ್ 5,000, ಹಿಂಬಾಗಿಲು 16,000, ಪೇಂಟ್ 12,000, ಡೆಂಟಿಂಗ್ ಮತ್ತು ಜೋಡಣೆಯ ಕೂಲಿ 8,000. ಒಟ್ಟು ಬಿಲ್ 50,000. ಬಂಪರಿನಲ್ಲಿ 4,500, ಲ್ಯಾಂಪಿನಲ್ಲಿ 2,500, ಹಿಂಬಾಗಿಲಿನಲ್ಲಿ 4,000, ಪೇಂಟಿನಲ್ಲಿ 1,500, ಮೇಲೆ ಫೈಲ್ ಚಾರ್ಜ್ 1,000. ನಿಮ್ಮ ಪಾಲು 13,500. ಕಂಪನಿ ಕೊಡುವುದು 36,500.

ಇದರ ಹಿಂದೆ ಇನ್ನೊಂದು ನಷ್ಟ ಅಡಗಿದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಇಲ್ಲದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಇಳಿಯುತ್ತದೆ. ಈಗ ಶೇ 35 ಇದ್ದು, ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ (ಸ್ವಂತ ಗಾಡಿಯ ಹಾನಿಯ ವಿಮೆ) ಪ್ರೀಮಿಯಂ 7,000 ಆಗಿದ್ದರೆ, ಮುಂದಿನ ನವೀಕರಣದಲ್ಲಿ ಸಿಗಬೇಕಿದ್ದ ಶೇ 45 ಹೋಗುತ್ತದೆ, ಅಂದರೆ 3,150. ಆಮೇಲೆ ಶೇ 50 ಇರಬೇಕಾದ ಕಡೆ 20, 25, 35, 45 ಎಂದು ಒಂದೊಂದೇ ಮೆಟ್ಟಿಲು ಹತ್ತುತ್ತ ಬರಬೇಕು. ಪ್ರೀಮಿಯಂ ಅಷ್ಟೇ ಇದ್ದರೂ ಐದು ವರ್ಷದಲ್ಲಿ ಒಟ್ಟು 8,400 ಕಳೆದುಕೊಳ್ಳುತ್ತೀರಿ. ಬೋನಸ್ ರಕ್ಷಣೆಯ ಆ್ಯಡ್ ಆನ್ ಇದ್ದವರಿಗೆ ಮಾತ್ರ ಈ ಚಿಂತೆ ಇಲ್ಲ.

ಈ ಲೆಕ್ಕದ ಮೇಲೆಯೇ ಮುಂದಿನ ತೀರ್ಮಾನ. ಝೀರೋ ಡೆಪ್ ಇದ್ದು ಬರೀ 1,000 ಹೋಗಿದ್ದರೆ ಒಂದು ನೋಟಿಸ್ ಕಳಿಸಿ ನೋಡಿ, ಸಿಗದಿದ್ದರೆ ಬಿಟ್ಟುಬಿಡಿ. ವಕೀಲರ ಒಂದು ದಿನದ ಫೀಸಿಗೂ ಅದು ಸಾಲದು. ಬಿಲ್ಲೇ 8,000–10,000 ಇದ್ದರೆ ಸ್ವಂತ ವಿಮೆ ಮುಟ್ಟದೆ ಪೂರ್ತಿ ಬಿಲ್ಲನ್ನು ಎದುರಿನವರಿಂದ ಕೇಳುವುದು ಲಾಭ. ಮೇಲಿನ ಉದಾಹರಣೆಯಂತೆ 13,500 ಹೋಗಿದ್ದರೆ ಹೋರಾಡಲು ಕಾರಣವಿದೆ.

ನಿಮ್ಮ ಕಂಪನಿ ಇದನ್ನು ವಸೂಲಿ ಮಾಡಿ ಕೊಡುವುದಿಲ್ಲ

ವಿದೇಶದಲ್ಲಿ ಗಾಡಿ ಓಡಿಸಿ ಬಂದವರಿಗೆ ಇಲ್ಲಿ ಗೊಂದಲವಾಗುತ್ತದೆ. ಅಲ್ಲಿ ಕಂಪನಿಗಳು ಪರಸ್ಪರ ವಸೂಲಿ ಮಾಡಿ ಗ್ರಾಹಕನ ಕಡಿತವನ್ನೂ ತರಿಸಿಕೊಡುವುದುಂಟು. ನಮ್ಮಲ್ಲಿ ಎರಡೂ ಕಂಪನಿಗಳು ತಮ್ಮ ತಮ್ಮ ಗ್ರಾಹಕರ ರಿಪೇರಿ ಕೊಟ್ಟು ಸುಮ್ಮನಾಗುವ ಪದ್ಧತಿ ಹಳೆಯದು. ಸಣ್ಣ ಕ್ಲೇಮಿನಲ್ಲಿ ನಿಮ್ಮ ಪರವಾಗಿ ಯಾರೂ ಎದುರಿನ ಕಂಪನಿಯ ಬೆನ್ನು ಹತ್ತುವುದಿಲ್ಲ.

ಹಾಗಾಗಿ ಎರಡು ಕೆಲಸಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಓನ್ ಡ್ಯಾಮೇಜ್ ಕ್ಲೇಮಿಗೆ ತಪ್ಪು ಯಾರದು ಎಂಬುದು ಮುಖ್ಯವಲ್ಲ. ನಿಮ್ಮದೇ ತಪ್ಪಾದರೂ ರಿಪೇರಿ ಸಿಗುತ್ತದೆ. ‘ತಪ್ಪು ತೀರ್ಮಾನವಾಗಲಿ, ಆಮೇಲೆ ನೋಡೋಣ’ ಎಂದು ಯಾರಾದರೂ ಫೈಲು ತಡೆದರೆ ಒಪ್ಪಬೇಡಿ. ಕಂಪನಿಯ ದೂರು ಅಧಿಕಾರಿಗೆ, ಆಮೇಲೆ ವಿಮಾ ನಿಯಂತ್ರಕ ಸಂಸ್ಥೆಯ ದೂರು ತಾಣವಾದ ಬಿಮಾ ಭರೋಸಾ ಪೋರ್ಟಲಿಗೆ ಬರೆಯಿರಿ. ಅಲ್ಲೂ ಆಗದಿದ್ದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಪುಣೆಯಲ್ಲೇ ಅವರ ಕಚೇರಿ ಇದೆ. ಆದರೆ ಓಂಬುಡ್ಸ್‌ಮನ್ ಕೇಳುವುದು ನಿಮ್ಮ ಮತ್ತು ನಿಮ್ಮ ಕಂಪನಿಯ ಜಗಳವನ್ನು ಮಾತ್ರ. ಎದುರಿನವರ ಕಂಪನಿಯ ಮೇಲೆ ಅಲ್ಲಿ ದೂರು ನಡೆಯುವುದಿಲ್ಲ.

ರಸ್ತೆಯಲ್ಲಿ

ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು 112. ಇಲ್ಲದಿದ್ದರೆ ಗಾಡಿ ಸರಿಸುವ ಮುಂಚೆ ಫೋಟೋ. ಬರೀ ಒಡೆದ ಬಂಪರಿನ ಫೋಟೋ ತಪ್ಪು ಯಾರದು ಎಂದು ಹೇಳುವುದಿಲ್ಲ. ಬೇಕಾದದ್ದು: ಇಪ್ಪತ್ತು ಹೆಜ್ಜೆ ಹಿಂದೆ ನಿಂತು ಎರಡೂ ಗಾಡಿ, ಲೇನ್ ಗೆರೆ, ಸಿಗ್ನಲ್ ಅಥವಾ ಡಿವೈಡರ್ ಒಟ್ಟಿಗೆ ಕಾಣುವ ಚಿತ್ರ, ಒಡೆದ ಗಾಜು, ಪ್ಲಾಸ್ಟಿಕ್ ಚೂರು ಬಿದ್ದ ಜಾಗ, ಟೈರು ಎಳೆದ ಗುರುತು, ಮುಂಚಕ್ರ ತಿರುಗಿದ್ದ ದಿಕ್ಕು, ಎದುರಿನ ಗಾಡಿಯ ಬಣ್ಣ ನಿಮ್ಮ ಗಾಡಿಗೆ ಮೆತ್ತಿಕೊಂಡ ಕಡೆ. ಲೇನ್ ಬದಲಾಯಿಸುವಾಗ ತಾಗಿದ ಪ್ರಕರಣದಲ್ಲಿ ಗೀರು ಹಿಂದಿನಿಂದ ಮುಂದಕ್ಕೆ ಹೋಗಿದೆಯೋ ಮುಂದಿನಿಂದ ಹಿಂದಕ್ಕೋ ಎಂಬುದರಿಂದ ಯಾವ ಗಾಡಿ ಹೆಚ್ಚು ವೇಗದಲ್ಲಿತ್ತು ಎಂದು ತಿಳಿಯುತ್ತದೆ. ಅದನ್ನು ಹತ್ತಿರದಿಂದ, ಓರೆ ಬೆಳಕಿನಲ್ಲಿ ತೆಗೆಯಿರಿ.

ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ಇಳಿಜಾರಿನಲ್ಲಿ ಆಗುವಂಥ ಸಾಲು ಡಿಕ್ಕಿಗಳ ವಿಷಯವೇ ಬೇರೆ. ನಡುವೆ ಸಿಕ್ಕಿಬಿದ್ದ ಕಾರಿನವನ ಮೇಲೆ ಮುಂದಿನವನೂ ಹಿಂದಿನವನೂ ಆರೋಪ ಹೊರಿಸುತ್ತಾರೆ. ಇಲ್ಲಿ ನಿರ್ಧಾರಕ ಪ್ರಶ್ನೆ ಒಂದೇ: ಮುಂದಿನ ಕಾರಿನವರಿಗೆ ಒಂದು ಗುದ್ದು ಕೇಳಿಸಿತೋ ಎರಡೋ? ಒಂದೇ ಆದರೆ ನಡುವಿನ ಕಾರನ್ನು ಹಿಂದಿನವನು ತಳ್ಳಿದ್ದಾನೆ. ಎರಡಾದರೆ ನಡುವಿನವನು ಮೊದಲು ತಾನೇ ಗುದ್ದಿ, ಆಮೇಲೆ ಗುದ್ದಿಸಿಕೊಂಡಿದ್ದಾನೆ. ಮುಂದಿನ ಕಾರಿನವರ ಮಾತನ್ನು ಸ್ಥಳದಲ್ಲೇ ಅವರ ಒಪ್ಪಿಗೆಯಿಂದ ಫೋನಿನಲ್ಲಿ ರೆಕಾರ್ಡ್ ಮಾಡಿ, ನಂಬರ್ ತೆಗೆದುಕೊಳ್ಳಿ. ಮನೆಗೆ ಹೋದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಎದುರಿನ ಗಾಡಿಯ ನಂಬರ್ ಪ್ಲೇಟ್, ಚಾಲಕನ ಲೈಸೆನ್ಸ್, ವಿಮೆಯ ಕಾಗದದ ಫೋಟೋ ತೆಗೆಯಿರಿ. ಕೊಡದಿದ್ದರೆ ಜಗ್ಗಾಡಬೇಡಿ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ವಿಮೆ ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಮಾಲೀಕರ ಹೆಸರು ವಿಳಾಸ ಬೇಕಿದ್ದರೆ, ಪರಿಹಾರ ಕೇಳುವವರಿಗೆ ಅದನ್ನು ಕೊಡುವುದು ಮೋಟಾರು ವಾಹನ ಕಾಯ್ದೆಯ 160ನೇ ಕಲಮಿನಂತೆ ಆರ್‌ಟಿಒ ಮತ್ತು ಪೊಲೀಸ್ ಠಾಣೆಯ ಕರ್ತವ್ಯ. ಅರ್ಜಿಯಲ್ಲಿ ಕಲಮಿನ ಸಂಖ್ಯೆ ಬರೆಯಿರಿ, ಕೆಲಸ ಬೇಗ ಆಗುತ್ತದೆ.

ಡ್ಯಾಶ್‌ಕ್ಯಾಮ್ ಇದ್ದರೆ ಆ ತುಣುಕನ್ನು ಲಾಕ್ ಮಾಡಿ ಕಾರ್ಡನ್ನೇ ತೆಗೆದಿಡಿ, ಇಲ್ಲದಿದ್ದರೆ ಅದರ ಮೇಲೆಯೇ ಹೊಸ ರೆಕಾರ್ಡಿಂಗ್ ಕೂತುಬಿಡುತ್ತದೆ. ಪಕ್ಕದ ಅಂಗಡಿ, ಸೊಸೈಟಿ, ಪೆಟ್ರೋಲ್ ಬಂಕಿನ ಸಿಸಿಟಿವಿಯೂ ಹಾಗೆಯೇ. ಕೆಲವು ಕಡೆ ಒಂದೇ ವಾರಕ್ಕೆ ಅಳಿಸಿಹೋಗುತ್ತದೆ. ಅದೇ ದಿನ ಹೋಗಿ ಕೇಳಿ. ಮೊಬೈಲಿನಿಂದ ಪರದೆಯ ವೀಡಿಯೊ ತೆಗೆದುಕೊಂಡರೆ ಸಾಲದು. ಮೂಲ ಫೈಲನ್ನು ಪೆನ್ ಡ್ರೈವಿಗೆ ಹಾಕಿಸಿಕೊಂಡು, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಅಂಗಡಿಯವರ ಸಹಿ ಮಾಡಿಸಿಕೊಳ್ಳಿ.

ಒಂದು ಎಚ್ಚರಿಕೆ: ‘ಹೋಗಲಿ ಬಿಡಿ, ನಂದೂ ಸ್ವಲ್ಪ ತಪ್ಪಿದೆ’ ಎನ್ನುವ ಸೌಜನ್ಯದ ಮಾತು, ಐನೂರು ಸಾವಿರದ ಕೊಡು-ಕೊಳ್ಳು ಎರಡೂ ಬೇಡ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಕೊಳ್ಳಬಾರದು, ಹಣ ಕೊಡಬಾರದು ಎಂಬ ಷರತ್ತು ನಿಮ್ಮ ಪಾಲಿಸಿಯಲ್ಲೇ ಇದೆ.

ಠಾಣೆಯಲ್ಲಿ

ಯಾರಿಗೂ ಗಾಯವಾಗಿಲ್ಲ ಎಂದರೆ ಠಾಣೆಯವರಿಗೆ ಎಫ್‌ಐಆರ್ ಬರೆಯುವ ಉತ್ಸಾಹ ಇರುವುದಿಲ್ಲ. ‘ಆಪಸಾತ್ ಮಿಟವಾ’ (ನಿಮ್ಮಲ್ಲೇ ಬಗೆಹರಿಸಿಕೊಳ್ಳಿ) ಅನ್ನುತ್ತಾರೆ. ಬೈಸಿಕೊಳ್ಳದೆ, ಬೈಯದೆ, ಲಿಖಿತ ದೂರು ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಿರ್ಲಕ್ಷ್ಯದ ಚಾಲನೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿಗೆ ಬರುತ್ತದೆ, ಎಫ್‌ಐಆರ್ ಮಾಡಬಹುದಾದ ಅಪರಾಧವೇ ಅದು. ಒಪ್ಪದಿದ್ದರೆ ದೂರನ್ನು ಡಿಸಿಪಿ ಕಚೇರಿಗೆ ಅಂಚೆಯಲ್ಲಿ ಕಳಿಸಿ. ಎಫ್‌ಐಆರ್ ಬದಲು ಬರೀ ಎನ್‌ಸಿ (ನಾನ್ ಕಾಗ್ನಿಜೆಬಲ್ ದೂರಿನ ನೋಂದಣಿ) ಸಿಕ್ಕಿದರೂ ಇರಲಿ, ತಾರೀಖು ಮತ್ತು ಗಾಡಿ ನಂಬರ್ ಇರುವ ಸರ್ಕಾರಿ ಕಾಗದ ಒಂದಾಯಿತು. ಹಿಂಜವಡಿ, ವಾಕಡ್, ಭೋಸರಿಯ ಅಪಘಾತ ಪಿಂಪ್ರಿ-ಚಿಂಚ್‌ವಡ್ ಕಮಿಷನರೇಟಿಗೆ ಸೇರುತ್ತದೆ, ಕೋಥ್ರೂಡ್, ಸ್ವಾರ್ಗೇಟ್ ಪುಣೆ ನಗರಕ್ಕೆ.

ಜಬಾಬು (ನಿಮ್ಮ ಹೇಳಿಕೆ), ಪಂಚನಾಮೆ ಮರಾಠಿಯಲ್ಲಿ ಬರೆಯುತ್ತಾರೆ. ಓದಲು ಬರುತ್ತದೆ ಎಂದು ಕಣ್ಣಾಡಿಸಿ ಸಹಿ ಹಾಕಬೇಡಿ; ಕೈಬರಹದ ಮರಾಠಿ ತೊಡಕಿನದು. ಯಾವ ಗಾಡಿ ಯಾವುದಕ್ಕೆ ಗುದ್ದಿತು, ಯಾವ ದಿಕ್ಕಿನಿಂದ, ನಿಮ್ಮ ಗಾಡಿ ನಿಂತಿತ್ತೋ ಚಲಿಸುತ್ತಿತ್ತೋ, ಈ ಮೂರನ್ನು ಬರೆದವರಿಂದಲೇ ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ ತಿದ್ದಿಸಿ, ತಿದ್ದಿದ ಕಡೆ ಚಿಕ್ಕ ಸಹಿ ಹಾಕಿ.

ಕ್ಲೇಮ್ ಫಾರಂ: ಹೆಚ್ಚಿನ ಪ್ರಕರಣ ಸಾಯುವುದು ಇಲ್ಲಿ

ಸರ್ವಿಸ್ ಸೆಂಟರಿನ ಅಡ್ವೈಸರ್ ಖಾಲಿ ಕ್ಲೇಮ್ ಫಾರಂ ಮುಂದಿಟ್ಟು ‘ಸರ್, ಇಲ್ಲೊಂದು ಸಹಿ ಹಾಕಿ, ಉಳಿದದ್ದು ನಾವು ತುಂಬುತ್ತೇವೆ’ ಅನ್ನುತ್ತಾನೆ. ಅವನಿಗೆ ಫೈಲು ಬೇಗ ಮುಗಿಯಬೇಕು. ಹಾಗಾಗಿ ‘ಅಪಘಾತ ಹೇಗಾಯಿತು’ ಎಂಬ ಕಾಲಮಿನಲ್ಲಿ ಅವನ ರೂಢಿಯ ವಾಕ್ಯ ಕೂರುತ್ತದೆ: ‘ರಿವರ್ಸ್ ತೆಗೆಯುವಾಗ ಕಂಬಕ್ಕೆ ತಾಗಿತು’ ಅಥವಾ ‘ಅಪರಿಚಿತ ವಾಹನ ಗುದ್ದಿ ಹೋಯಿತು’. ಮೂರನೆಯವರ ಹೆಸರು ಬಂದರೆ ಸರ್ವೇಯರ್ (ಹಾನಿ ಅಂದಾಜು ಮಾಡುವವನು) ಪೊಲೀಸ್ ಕಾಗದ ಕೇಳುತ್ತಾನೆ, ತಡವಾಗುತ್ತದೆ ಎಂಬುದು ಅವನ ಲೆಕ್ಕ. ರಿಪೇರಿ ಸಲೀಸಾಗಿ ಆಗುತ್ತದೆ ನಿಜ. ಆದರೆ ನಾಲ್ಕು ತಿಂಗಳ ನಂತರ ನೀವು ಟೆಂಪೊ ಮಾಲೀಕನ ಮೇಲೆ ಅರ್ಜಿ ಹಾಕಿದಾಗ ಎದುರಿನ ಕಂಪನಿಯ ವಕೀಲ ಮೊದಲು ತರಿಸುವುದು ಇದೇ ಫಾರಂ. ಅದರಲ್ಲಿ ಕಂಬ ಇದೆ, ಅರ್ಜಿಯಲ್ಲಿ ಟೆಂಪೊ ಇದೆ. ಪ್ರಕರಣ ಅಲ್ಲಿಗೆ ಮುಗಿಯಿತು. ಸುಳ್ಳು ಹೇಳಿಕೆ ಎಂದು ಸ್ವಂತ ಕ್ಲೇಮಿಗೂ ಕುತ್ತು ಬರಬಹುದು.

ಫಾರಂ ನೀವೇ ತುಂಬಿ. ಎರಡು ಮೂರು ವಾಕ್ಯ ಸಾಕು: ತಾರೀಖು, ಸಮಯ, ಜಾಗ, ನಿಮ್ಮ ಗಾಡಿಯ ಸ್ಥಿತಿ, ಎದುರಿನ ಗಾಡಿಯ ನಂಬರ್, ಅದು ತಾಗಿದ ರೀತಿ. ಪೊಲೀಸ್ ದೂರಿನಲ್ಲಿ ಬರೆದ ಮಾತುಗಳನ್ನೇ ಇಲ್ಲೂ ಬರೆಯಿರಿ. ಸಹಿ ಹಾಕಿದ ಮೇಲೆ ಪ್ರತಿ ಪುಟದ ಫೋಟೋ ತೆಗೆದುಕೊಳ್ಳಿ.

ಸ್ವಂತ ಕ್ಲೇಮ್ ಮಾಡದಿರಲು ತೀರ್ಮಾನಿಸಿದರೂ ಕಂಪನಿಗೆ ಅಪಘಾತದ ಮಾಹಿತಿ ಇಮೇಲಿನಲ್ಲಿ ಕೊಟ್ಟಿಡಿ. ನಾಳೆ ಎದುರಿನವನೇ ನಿಮ್ಮ ಮೇಲೆ ದಾವೆ ಹಾಕಿದರೆ ನಿಮ್ಮನ್ನು ಕಾಯಬೇಕಾದದ್ದು ಆ ಕಂಪನಿ. ‘ನಮಗೆ ತಿಳಿಸಿಯೇ ಇಲ್ಲ’ ಎನ್ನಲು ಅವರಿಗೆ ಅವಕಾಶ ಕೊಡಬೇಡಿ.

ಗಾಡಿ ಬಿಡಿಸಿಕೊಳ್ಳುವ ದಿನ

ಕಂಪನಿ ತನ್ನ ಪಾಲನ್ನು ನೇರ ಗ್ಯಾರೇಜಿಗೇ ಕೊಡುವ ಕ್ಯಾಶ್‌ಲೆಸ್ಸಿನಲ್ಲಿ ಮೂಲ ಬಿಲ್ ಕಂಪನಿಗೆ ಹೋಗುತ್ತದೆ. ಅದೇ ದಿನ ಮೊಹರು, ಸಹಿ ಇರುವ ಇನ್ನೊಂದು ಪ್ರತಿ, ನೀವು ಕಟ್ಟಿದ ಹಣದ ರಸೀದಿ, ಮತ್ತು ಯಾವ ಭಾಗಕ್ಕೆ ಎಷ್ಟು ಕಡಿದರು ಎಂಬ ಪಟ್ಟಿ ಕೇಳಿ ತೆಗೆದುಕೊಳ್ಳಿ. ಕಂಪನಿಯಿಂದ ಬರುವ ಒಪ್ಪಿಗೆ ಪತ್ರವನ್ನು ಗ್ಯಾರೇಜಿನವರು ‘ಡಿಒ’ ಅನ್ನುತ್ತಾರೆ, ಕಡಿತದ ಲೆಕ್ಕ ಅದರಲ್ಲಿರುತ್ತದೆ. ಸರ್ವೇ ವರದಿಯ ಪ್ರತಿಯನ್ನು ಕಂಪನಿಗೆ ಇಮೇಲ್ ಮಾಡಿ ಕೇಳಿ. ಒಡೆದ ಭಾಗಗಳ ಫೋಟೋ ಇರಲಿ.

ಆಮೇಲೆ ಡಿಸ್ಚಾರ್ಜ್ ವೋಚರ್, ಅಂದರೆ ಕ್ಲೇಮ್ ಇತ್ಯರ್ಥವಾಯಿತು ಎಂದು ನೀವು ಕಂಪನಿಗೆ ಸಹಿ ಮಾಡಿ ಕೊಡುವ ಕಾಗದ. ‘ಈ ಅಪಘಾತದ ಎಲ್ಲ ಕ್ಲೇಮುಗಳ ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಒಕ್ಕಣೆ ಇದರಲ್ಲಿ ಸಾಮಾನ್ಯ. ಎದುರಿನ ಕಂಪನಿ ಇದನ್ನು ತೋರಿಸಿ ‘ಇವರಿಗೆ ಪೂರ್ತಿ ಸಿಕ್ಕಿದೆ, ಇನ್ನೇನೂ ಬಾಕಿಯಿಲ್ಲ’ ಎಂದು ವಾದಿಸುತ್ತದೆ. ಸಹಿಯ ಮೇಲೆ ಕೈಬರಹದಲ್ಲಿ ಇಂಥ ಒಂದು ಸಾಲು ಸೇರಿಸಿ: ‘ಈ ಸಹಿ ಓನ್ ಡ್ಯಾಮೇಜ್ ಕ್ಲೇಮಿಗೆ ಮಾತ್ರ. ಪಾಲಿಸಿಯಲ್ಲಿ ಸಿಗದ ನನ್ನ ನಷ್ಟವನ್ನು ಎದುರು ವಾಹನದವರಿಂದ ಪಡೆಯುವ ಹಕ್ಕು ಉಳಿಸಿಕೊಂಡಿದ್ದೇನೆ.’ ಕೌಂಟರಿನವರು ತಕರಾರು ಮಾಡಿದರೆ ಅದೇ ಮಾತನ್ನು ಸಹಿ ಹಾಕುವ ಮುಂಚೆ ಕಂಪನಿಗೆ ಇಮೇಲ್ ಮಾಡಿ. ಕಂಪನಿ ಕೊಟ್ಟ 36,500ನ್ನು ಮಾತ್ರ ಇನ್ನೊಮ್ಮೆ ಎದುರಿನವರಿಂದ ಕೇಳಬೇಡಿ. ಒಂದೇ ನಷ್ಟಕ್ಕೆ ಎರಡು ಸಲ ಹಣ ಸಿಗುವುದಿಲ್ಲ, ಕೇಳಿದರೆ ಉಳಿದ ಬೇಡಿಕೆಯ ಮೇಲೂ ಅನುಮಾನ ಬರುತ್ತದೆ.

ನೋಟಿಸ್

ಚಾಲಕ, ಮಾಲೀಕ, ಅವರ ವಿಮಾ ಕಂಪನಿ, ಮೂವರಿಗೂ ಒಂದೇ ಪತ್ರ, ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ. ವಕೀಲರೇ ಬರೆಯಬೇಕೆಂದಿಲ್ಲ. ಅಪಘಾತದ ವಿವರ ನಾಲ್ಕು ಸಾಲು, ತಪ್ಪು ಅವರದೆಂದು ಹೇಳಲು ಕಾರಣ, ಮೊತ್ತದ ಪಟ್ಟಿ, 15 ದಿನದ ಗಡುವು. ಪಟ್ಟಿಯಲ್ಲಿ ಕಡಿತ, ಸವಕಳಿ, ಗಾಡಿ ಎಳೆದೊಯ್ದ ಖರ್ಚಿನಲ್ಲಿ ಪಾಲಿಸಿ ಕೊಡುವ 1,500 ಮೀರಿದ ಭಾಗ, ರಿಪೇರಿಯ ದಿನಗಳ ಟ್ಯಾಕ್ಸಿ ರಸೀದಿ ಬರಲಿ. ಟ್ಯಾಕ್ಸಿ ಖರ್ಚಿನಿಂದ ಮಾಮೂಲು ಪೆಟ್ರೋಲ್ ಖರ್ಚು ಕಳೆದು ತೋರಿಸಿ, ಪ್ರಾಮಾಣಿಕ ಲೆಕ್ಕಕ್ಕೆ ಬೆಲೆ ಹೆಚ್ಚು. ಬೋನಸ್ ನಷ್ಟವನ್ನೂ ಬರೆಯಿರಿ, ಆದರೆ ಅದು ಸಿಗುತ್ತದೆಂದು ಎಣಿಸಬೇಡಿ.

ಸವಕಳಿಯ ಬಗ್ಗೆ ಬರುವ ಉತ್ತರ ಸಿದ್ಧವಾಗಿರುತ್ತದೆ: ‘ಹಳೆ ಬಂಪರ್ ಹೋಗಿ ಹೊಸದು ಬಂತು, ಲಾಭ ನಿಮಗೇ.’ ಮಾತಿನಲ್ಲಿ ಸ್ವಲ್ಪ ಹುರುಳಿದೆ, ಟೈರು ಬ್ಯಾಟರಿಗಂತೂ ಪೂರ್ತಿ ಅನ್ವಯಿಸುತ್ತದೆ. ಬಂಪರ್, ಬಾಗಿಲಿಗೆ ಅಷ್ಟಿಲ್ಲ, ಅವು ಗುದ್ದದಿದ್ದರೆ ಗಾಡಿ ಇರುವಷ್ಟು ದಿನ ಬಾಳುತ್ತಿದ್ದವು, ಹೊಸ ಬಾಗಿಲಿನಿಂದ ಹಳೆ ಕಾರಿನ ಮಾರಾಟ ಬೆಲೆ ಏರುವುದೂ ಇಲ್ಲ. ಹಾಗೆಂದು ಬರೆಯಿರಿ.

ನೋಟಿಸಿಗೆ ವಿಮಾ ಕಂಪನಿ ಸಾಮಾನ್ಯವಾಗಿ ಹಣ ಕೊಡುವುದಿಲ್ಲ, ‘ನ್ಯಾಯಮಂಡಳಿಯ ಆದೇಶ ತನ್ನಿ’ ಅನ್ನುತ್ತದೆ. ಟೆಂಪೊ, ಕ್ಯಾಬ್ ಮಾಲೀಕರು ಮಾತ್ರ ಕೋರ್ಟಿನ ಅಲೆದಾಟ ತಪ್ಪಿಸಲು ಮಾತಿಗೆ ಬರುವುದುಂಟು.

ನ್ಯಾಯಮಂಡಳಿ

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಗಾಯ, ಸಾವಿಗೆ ಮಾತ್ರ ಎಂಬುದು ತಪ್ಪು ತಿಳಿವಳಿಕೆ. ಆಸ್ತಿ ಹಾನಿಗೂ ಅಲ್ಲಿ ಅರ್ಜಿ ಹಾಕಬಹುದು. 2019ರ ತಿದ್ದುಪಡಿಯಿಂದ ಗಡುವು ಆರು ತಿಂಗಳು. ಅದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೋಟಿಸಿನ ಉತ್ತರ ಕಾಯುತ್ತ ಇದನ್ನು ಕಳೆದುಕೊಳ್ಳಬೇಡಿ. ಹಾನಿ 2,000 ರೂಪಾಯಿ ಮೀರಿದ್ದರೆ ಸಿವಿಲ್ ಕೋರ್ಟಿಗೆ ಹೋಗುವ ಆಯ್ಕೆಯೂ ಇದೆ, ಅಲ್ಲಿ ಕಾಲಮಿತಿ ಮೂರು ವರ್ಷ. ಆದರೆ ಒಂದನ್ನು ಹಿಡಿದರೆ ಇನ್ನೊಂದಿಲ್ಲ.

ಪುಣೆಯಲ್ಲಿ ಅರ್ಜಿ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ. ಕೆಎ ನಂಬರಿನ ಗಾಡಿಯವರಿಗೆ ಒಂದು ಅನುಕೂಲ ಗೊತ್ತಿರಲಿ. ಅಪಘಾತ ಆದ ಊರು, ಅರ್ಜಿದಾರ ವಾಸಿಸುವ ಅಥವಾ ವ್ಯವಹಾರ ಮಾಡುವ ಊರು, ಎದುರಾಳಿಯ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಬೆಳಗಾವಿಯಿಂದ ಮಗಳ ಮನೆಗೆಂದು ಪುಣೆಗೆ ಬಂದು ವಾರ್ಜೆಯಲ್ಲಿ ಗುದ್ದಿಸಿಕೊಂಡವರು ಬೆಳಗಾವಿಯಲ್ಲೇ ಅರ್ಜಿ ಹಾಕಬಹುದು; ಆಗ ಮರಾಠಿ ಪೊಲೀಸ್ ಕಾಗದಗಳ ಭಾಷಾಂತರ ಬೇಕಾಗಬಹುದು. ಪುಣೆಯ ಸಾಕ್ಷಿಗಳನ್ನು ಅಲ್ಲಿಗೆ ಕರೆಸುವುದು ಕಷ್ಟ ಎಂಬುದನ್ನೂ ತೂಗಿ ನೋಡಿ.

ಅರ್ಜಿಯಲ್ಲಿ ಚಾಲಕ, ಮಾಲೀಕ, ಕಂಪನಿ ಮೂವರನ್ನೂ ಸೇರಿಸಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ಮೂರನೆಯವರ ಆಸ್ತಿ ಹಾನಿಗೆ 7.5 ಲಕ್ಷದವರೆಗೆ ರಕ್ಷಣೆ ಇರುವುದು ರೂಢಿ. ಪ್ರೀಮಿಯಂ ಇಳಿಸಲು ಮಾಲೀಕ ಅದನ್ನು 6,000ಕ್ಕೆ ಸೀಮಿತ ಮಾಡಿಕೊಂಡಿದ್ದರೆ ಮಿಕ್ಕದ್ದು ಅವನ ಜೇಬಿನಿಂದಲೇ ಬರಬೇಕು, ಅವನನ್ನು ಬಿಟ್ಟರೆ ಆ ಹಣವೂ ಹೋಯಿತು. ಬಿಲ್ ಇದ್ದರೆ ಸಾಲದು, ಅದನ್ನು ಕೊಟ್ಟ ಗ್ಯಾರೇಜಿನವರು ಅಥವಾ ಸರ್ವೇಯರ್ ಬಂದು ದೃಢಪಡಿಸಬೇಕಾಗಬಹುದು. ಅರ್ಜಿಯ ದಿನದಿಂದ ಬಡ್ಡಿ ಕೇಳಿ. ವ್ಯಾಜ್ಯದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಾದರೆ ಆದೇಶದ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಇಲ್ಲ. ಸಣ್ಣ ಅರ್ಜಿದಾರನಿಗೆ ಇದು ಒಳ್ಳೆಯದೇ, ಗೆದ್ದದ್ದನ್ನು ಕಂಪನಿ ಎಳೆದಾಡಲಾರದು. ಸೋತರೆ ನಿಮಗೂ ಅಷ್ಟೇ.

ತಪ್ಪು ಪೂರ್ತಿ ಒಬ್ಬರದೇ ಎಂದು ಸಾಬೀತಾಗದಿದ್ದರೆ ಪಾಲು ಹಂಚುತ್ತಾರೆ. ಶೇ 70–30 ಆದರೆ 13,500ರಲ್ಲಿ ನಿಮಗೆ 9,450, ಅರ್ಧರ್ಧ ಆದರೆ 6,750. ರಾಜಿಗೆ ಕೂರುವಾಗ ಈ ಅಂಕಿ ಎದುರಿಗಿರಲಿ. ಡ್ಯಾಶ್‌ಕ್ಯಾಮ್ ಇರುವ, ನಿಂತ ಗಾಡಿಗೆ ಹಿಂದಿನಿಂದ ಗುದ್ದಿದ ಪ್ರಕರಣದಲ್ಲಿ 11,000ಕ್ಕಿಂತ ಕೆಳಗೆ ಇಳಿಯಬೇಡಿ. ಸಾಕ್ಷಿಯೇ ಇಲ್ಲದ ಲೇನ್ ಜಗಳದಲ್ಲಿ 6,000 ಬಂದರೂ ತೆಗೆದುಕೊಂಡು ಏಳಿ. ರಾಷ್ಟ್ರೀಯ ಲೋಕ್ ಅದಾಲತ್ತಿಗೆ ಪ್ರಕರಣ ಇಡಿಸಿದರೆ ಕಂಪನಿಯ ಅಧಿಕಾರಿ ಎದುರಿಗೇ ಕೂರುತ್ತಾರೆ, ಇತ್ಯರ್ಥವಾದರೆ ಕೋರ್ಟ್ ಫೀ ವಾಪಸ್ ಸಿಗುತ್ತದೆ.

ರಾಜಿ ಕೋರ್ಟಿನ ಹೊರಗೆ ಆದರೆ ಹಣ ಬ್ಯಾಂಕಿಗೆ ಬಂದ ಮೇಲೆ ಸಹಿ. ಪತ್ರದಲ್ಲಿ ‘ಗಾಡಿಯ ಹಾನಿಗೆ ಸಂಬಂಧಿಸಿ, ನನ್ನ ವಿಮೆಯಲ್ಲಿ ಸಿಗದ ಮೊತ್ತಕ್ಕೆ ಮಾತ್ರ’ ಎಂದು ಇರಲಿ. ಇಲ್ಲದಿದ್ದರೆ ನಿಮ್ಮ ಕಂಪನಿ ಎದುರಿನವನಿಂದ ವಸೂಲಿ ಮಾಡುವ ಹಕ್ಕನ್ನೇ ನೀವು ಬಿಟ್ಟುಕೊಟ್ಟಿರಿ ಎಂಬ ಆಕ್ಷೇಪ ಬರುತ್ತದೆ. ಗುದ್ದಿದ ರಭಸಕ್ಕೆ ಕುತ್ತಿಗೆ ನೋವು ವಾರ ಬಿಟ್ಟು ಶುರುವಾಗುವುದುಂಟು, ದೈಹಿಕ ಗಾಯದ ಪರಿಹಾರ ಈ ರಾಜಿಯಲ್ಲಿ ಸೇರಿಲ್ಲ ಎಂಬ ಸಾಲನ್ನೂ ಬರೆಸಿಕೊಳ್ಳಿ.